ಕಿಟಕಿಯಲ್ಲಿ ಕೂಗಿದ ಹೆಸರು

ಆ ದಿನ ಬೆಳಿಗ್ಗೆ ಮೂಡುಗಾಳಿ ಎದ್ದಿತ್ತು. ಕಾರ್ತಿಕದ ಗಾಳಿ. ಅಮಾಸೆಬೈಲಿನ ಕಡೆಯ ಕಾಡಿನ ತಂಪನ್ನೆಲ್ಲ ಹೊತ್ತು ತಂದು ಬೀಜಾಡಿಯ ಮರಳ ಮೇಲೆ ಸುರಿದು, ಹಾಗೆಯೇ ಕಡಲಿಗೆ ಇಳಿದುಹೋಗುವಂಥದು. ಇಬ್ಬನಿಗೆ ಬಲೆಗಳು ನೆನೆದಿದ್ದವು. ಕಡಲು ಎಣ್ಣೆ ಹೊಯ್ದ ಹಾಗೆ ಮಲಗಿತ್ತು. ದೇವರು ಇಂಥ ಬೆಳಗನ್ನು ಕೊಟ್ಟಾಗ ಕೇಡಿನ ನೆನಪು ಯಾರಿಗೂ ಬರುವುದಿಲ್ಲ. ಮೊಣಕಾಲು ನೀರಿನಲ್ಲಿ ನಿಂತು ಬಲೆ ಎಳೆಯುತ್ತಿದ್ದ ಕರಿಯ ಮರಳಿನಲ್ಲಿ ಹುದುಗಿದ್ದ ತೊರಕೆ ಮೀನಿನ ಮೇಲೆ ಕಾಲಿಟ್ಟ. ಮೀನು ಬಾಲ ಬೀಸಿತು. ಬಾಲದ ಮುಳ್ಳು ಹಿಮ್ಮಡಿಯ ಮೇಲೆ ನೆಟ್ಟು ಅಲ್ಲೇ ಮುರಿಯಿತು.

ಮನೆಯಲ್ಲಿ ಮಾಡಬೇಕಾದದ್ದನ್ನೆಲ್ಲ ಮಾಡಿದರು. ಕರಿಯನ ತಾಯಿ ಅಕ್ಕಣಿ ಉಪ್ಪು ಹುರಿದು ಶಾಖ ಕೊಟ್ಟಳು, ಅರಿಸಿನ ಅರೆದು ಕಟ್ಟಿದಳು. ತಂದೆ ಗುಡ್ಡ, ದೈವದ ಗುಡಿಯಿಂದ ಬೂದಿ ತಂದು ಹಚ್ಚಿದ. ಆದರೂ ಕಾಲು ಊದಿ ಹಲಸಿನ ತೊಳೆಯ ಹಾಗೆ ಹೊಳೆಯತೊಡಗಿತು, ಜ್ವರ ಏರಿತು. ಹೆಂಡತಿ ಪದ್ದು ಮೀನಿನ ಬುಟ್ಟಿಯನ್ನು ಮೂಲೆಗೆ ತಳ್ಳಿ ಎದ್ದು ನಿಂತಳು.

"ಅತ್ತೆ, ಇನ್ ಕಾಂಬುದ್ ಸಾಕ್. ಗಾಡಿ ಮಾಡ್ಕಂಡ್ ಆಸ್ಪತ್ರೆಗ್ ಹೋತೆ."

"ಆಸ್ಪತ್ರೆಗ್ ಹೋದವ್ರೆಲ್ಲ ತಿರ್ಗಿ ಬತ್ರಾ?" ಎಂದಳು ಅಕ್ಕಣಿ.

"ಮನೆಯೊಳ್ಗ್ ಇದ್ದವ್ರೆಲ್ಲ ಉಳಿತ್ರಾ?" ಎಂದ ಗುಡ್ಡ, ಜಗಲಿಯಿಂದಲೇ. "ಹೋಯ್ನಿ. ಗಾಡಿಗ್ ನಾನ್ ಹೇಳಿ ಬತ್ತೆ."

ತೆಕ್ಕಟ್ಟೆಯ ಆಚೆ ಒಬ್ಬ ಧನಿಗಳು ಪುಣ್ಯಕ್ಕೆಂದು ಕಟ್ಟಿಸಿದ ಧರ್ಮಾಸ್ಪತ್ರೆ ಇತ್ತು. ಯುದ್ಧದ ಕಾಲ. ಅಕ್ಕಿಗೆ ರೇಷನ್, ಸೀಮೆಎಣ್ಣೆಗೆ ರೇಷನ್. ಅಂಥದರಲ್ಲೂ ಅಲ್ಲಿ ಮದ್ದು ಧರ್ಮಕ್ಕೆ ಸಿಗುತ್ತಿತ್ತು. ಶೀಶೆಯನ್ನು ಮಾತ್ರ ರೋಗಿಯ ಕಡೆಯವರೇ ತರಬೇಕು. ಡಾಕ್ಟರು ಉದಯಶಂಕರ, ಮದರಾಸಿನಲ್ಲಿ ಓದಿ ಬಂದ ಹುಡುಗ ಪ್ರಾಯದವರು. ಅವರು ಮಂಚದ ಹತ್ತಿರ ನಿಂತು ನೋಡಿ ಚೀಟಿ ಬರೆಯುತ್ತಿದ್ದರು. ಆ ಚೀಟಿ ನೇರವಾಗಿ ಕಂಪೌಂಡರ್ ಶಾಮರಾಯರ ಕೈಗೆ ಹೋಗುತ್ತಿತ್ತು. ಶಾಮರಾಯರು ಸಾಲಿಗ್ರಾಮದ ಕಡೆಯವರು. ತಲೆ ನರೆತವರು, ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಅವರು ಕೂರುವ ಕೋಣೆಗೆ ಒಂದು ಚಿಕ್ಕ ಕಿಟಕಿ. ಬೆಳಿಗ್ಗೆ ಹೆಂಗಸರು ಖಾಲಿ ಶೀಶೆ ಹಿಡಿದು ಆ ಕಿಟಕಿಯ ಮುಂದೆ ಸಾಲು ನಿಲ್ಲಬೇಕು.

ಆ ಕಿಟಕಿಯಲ್ಲಿ ಯಾರಿಗೂ ಹೆಸರಿರಲಿಲ್ಲ.

"ಎಂತದ್ದು?" ಎಂದು ಶಾಮರಾಯರು ಕೇಳುವುದು. "ಹೊಟ್ಟಿ" ಎಂದು ಒಬ್ಬಳು ಹೇಳುವುದು. "ಕೆಮ್ಮು" ಎಂದು ಇನ್ನೊಬ್ಬಳು. ಅವರು ಹೊಟ್ಟೆಯ ಚೀಟಿ ನೋಡಿ ಹೊಟ್ಟೆಯ ಶೀಶೆ ತುಂಬುವರು, ಕಾಗದವನ್ನು ಹಲ್ಲು ಹಲ್ಲಾಗಿ ಕತ್ತರಿಸಿ, ಒಂದು ಹೊತ್ತಿಗೆ ಒಂದು ಹಲ್ಲು ಎಂದು ಶೀಶೆಗೆ ಅಂಟಿಸಿ ಕೊಡುವರು. ಬಂದವರಲ್ಲಿ ಹೆಚ್ಚಿನವರು ಹೆಂಡಂದಿರು. ಗಂಡನ ಹೆಸರನ್ನು ಬಾಯಲ್ಲಿ ತರುವಂತಿಲ್ಲ. ಪದ್ದುವಿನ ಕೂಗು ಕೇಳದ ಅಂಗಳ ತೆಕ್ಕಟ್ಟೆಯಿಂದ ಸಾಸ್ತಾನದವರೆಗೆ ಒಂದೂ ಇರಲಿಲ್ಲ. "ಬಂಗುಡೆ, ಚಟ್ಲಿ" ಎಂದು ಅವಳು ಬೇಲಿಯಾಚೆ ಕೂಗಿದರೆ ಒಳಗೆ ಮಲಗಿದ್ದ ಬೆಕ್ಕು ಎದ್ದು ಬರುತ್ತಿತ್ತು. ಆದರೆ ಕರಿ ಸೀರೆಗೂ ಅವಳು "ಮಸಿ ಬಣ್ಣದ್ದ್" ಎನ್ನುತ್ತಿದ್ದಳೇ ಹೊರತು ಆ ಎರಡಕ್ಷರ ನಾಲಿಗೆಗೆ ತಾಗಿಸಿದವಳಲ್ಲ.

ಆದ್ದರಿಂದ ಅವಳೂ "ಕಾಲ್" ಎಂದಳು. ಕರಿಯನಿಗೆ ಗಾಯದ ಜ್ವರಕ್ಕೆ ಕಹಿ ಮದ್ದು ಬಂತು. ಜ್ವರ ಇಳಿಯತೊಡಗಿತು.

ಒಂದು ವಾರ ಕಳೆದ ಮೇಲೆ ಪಕ್ಕದ ಮಂಚಕ್ಕೆ ಬೈಂದೂರಿನ ತಿಮ್ಮ ಬಂದ. ಅವನೂ ಕಡಲಿಗೆ ಹೋಗುವವನೇ. ಎದೆ ಸೋತು, ಕಾಲಿಗೆ ನೀರಿಳಿದು ಬಾತಿತ್ತು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಅವನ ಹೆಂಡತಿ ಸುಗುಣ ನಗುಮೊಗದವಳು. ಬಂದ ದಿನವೇ ಪದ್ದುವಿನ ಹತ್ತಿರ ಎಲೆಯಡಿಕೆ ಕೇಳಿ ತಿಂದಳು. ಆ ದಿನದ ಮದ್ದನ್ನು ಡಾಕ್ಟರೇ ಕೊಟ್ಟರು. ಮಾರನೆಯ ದಿನ ಬೆಳಿಗ್ಗೆ ಇಬ್ಬರೂ ಒಟ್ಟಿಗೇ ಕಿಟಕಿಗೆ ಹೋದರು.

"ಎಂತದ್ದು?"

"ಕಾಲ್," ಎಂದಳು ಸುಗುಣ.

"ಕಾಲ್," ಎಂದಳು ಪದ್ದು.

"ಇಬ್ಬರದೂ ಕಾಲಾ? ಗಾಯದ ಕಾಲು ನಿಂದಾ?" ಶಾಮರಾಯರು ಯಾವುದೋ ಗಾಜಿನ ಲೋಟ ಒರೆಸುತ್ತ ತಲೆಯೆತ್ತದೆ ಕೇಳಿದರು. ಕೇಳಿದ್ದು ಯಾರನ್ನು ಎಂದು ಇಬ್ಬರಿಗೂ ಗೊತ್ತಾಗಲಿಲ್ಲ. ಇಬ್ಬರೂ ತಲೆ ಆಡಿಸಿದರು. ಶೀಶೆ ಬದಲಾಗಲಿಲ್ಲ, ಒಳಗಿನ ಮದ್ದು ಬದಲಾಯಿತು.

ಮಧ್ಯಾಹ್ನದ ಹೊತ್ತಿಗೆ ಕರಿಯ ವಾಂತಿ ಮಾಡಿದ. ಸಂಜೆಗೆ ಇನ್ನೊಂದು ಹಲ್ಲಿನಷ್ಟು ಕುಡಿಸಿದರು. ಮಗನನ್ನು ನೋಡಲು ಬಂದಿದ್ದ ಅಕ್ಕಣಿ ಅವನ ಬೆನ್ನು ನೀವುತ್ತ ಕೂತಳು. ಕುಡಿದ ನೀರೂ ನಿಲ್ಲಲಿಲ್ಲ.

"ಅಬ್ಬಿ, ದೀಪಕ್ಕ್ ಯಾರ್ ಅರ್ಶಿನ ಬಳ್ದದ್?" ಎಂದು ಕರಿಯ ತಾಯಿಯನ್ನು ಕೇಳಿದ. "ಗ್ವಾಡಿಯೆಲ್ಲ ಹಳ್ದಿ ಕಾಣ್ತ್."

ಅಕ್ಕಣಿ ಮಗನ ಎದೆಯ ಮೇಲೆ ಕೈಯಿಟ್ಟಳು. ಬಡಿತ ನಿಂತು ನಿಂತು ಬರುತ್ತಿತ್ತು. "ಹಲವು ಮಕ್ಕಳ ತಾಯಿ, ನನ್ ಒಬ್ಬ ಮಗನ್ ಕಾಯಿ," ಎಂದು ಕೋಟದ ಅಮ್ಮನ ಗುಡಿಯ ದಿಕ್ಕಿಗೆ ತಿರುಗಿ ಕೈ ಮುಗಿದಳು. ಡಾಕ್ಟರು ಹೆರಿಗೆಗೆಂದು ಬ್ರಹ್ಮಾವರದ ಕಡೆ ಹೋಗಿದ್ದರು. ಶಾಮರಾಯರು ಬಂದು ನಾಡಿ ನೋಡಿ, "ಪಿತ್ತ ಕೆರಳಿದ್ದು. ಮದ್ದು ತಪ್ಪಿಸಬೇಡಿ," ಎಂದು ಹೇಳಿ ಹೋದರು.

ಆಚೆಯ ಮಂಚದಲ್ಲಿ ತಿಮ್ಮ ಕೂತಲ್ಲೇ ಏದುಸಿರು ಬಿಡುತ್ತಿದ್ದ. ಸುಗುಣ ಅವನ ಬೆನ್ನಿಗೆ ತಲೆದಿಂಬು ಕೊಟ್ಟು, ಶೀಶೆ ತೆಗೆದು ಬೆರಳಿಗೆ ಒಂದು ಹನಿ ಹಾಕಿ ನೆಕ್ಕಿದಳು.

"ಇದೆಂತ ಮಾರಾಯ್ತಿ, ಹಾಲೆ ಮರದ್ ಕೆತ್ತೆ ಕಷಾಯದ ಹಾಂಗ್ ಕಹಿ! ನಿನ್ನೆ ಹೀಂಗ್ ಇರ್ಲಿಲ್ಲೆ."

ಪದ್ದು ತನ್ನ ಶೀಶೆಯ ಹನಿಯನ್ನು ನಾಲಿಗೆಗೆ ಇಟ್ಟುಕೊಂಡಳು. ದಿನಾ ಗಂಡನಿಗೆ ಕುಡಿಸಿ ಚಮಚ ತೊಳೆಯುವಾಗ ಬೆರಳಿಗೆ ಅಂಟುತ್ತಿದ್ದ ಕಹಿ ಇದರಲ್ಲಿ ಇರಲಿಲ್ಲ. ಅವಳು ಸುಗುಣಳ ಮುಖ ನೋಡಿದಳು. ಸುಗುಣ ಅವಳ ಮುಖ ನೋಡಿದಳು. ಆಮೇಲೆ ಇಬ್ಬರೂ ಶೀಶೆ ಎತ್ತಿ ಕಪಾಟಿನ ಮೇಲಿಟ್ಟು, ಯಾರು ಹೇಳಿದರೂ ಮುಟ್ಟಲಿಲ್ಲ.

ಬೆಳಕು ಹರಿಯುವಾಗ ಬಂದ ಡಾಕ್ಟರು ಎರಡೂ ಶೀಶೆ ಮೂಸಿ, ಕುರ್ಚಿಯಲ್ಲಿ ಕೂತುಬಿಟ್ಟರು. "ಇದು ಎದೆಗೆ ಕೊಡುವ ಮದ್ದು. ಸೋತ ಎದೆಯನ್ನು ಎತ್ತುತ್ತದೆ, ಗಟ್ಟಿ ಎದೆಯನ್ನು ನಿಲ್ಲಿಸುತ್ತದೆ. ಕಣ್ಣಿಗೆ ಹಳದಿ ಕಂಡದ್ದೂ ಇದರಿಂದಲೇ. ಇನ್ನೊಂದೆರಡು ಹೊತ್ತು ಕುಡಿಸಿದ್ದರೆ ನಾನು ಬಂದೂ ಪ್ರಯೋಜನವಿರಲಿಲ್ಲ."

ಕರಿಯ ಉಳಿದ. ತಿಮ್ಮನೂ ಉಳಿದ. ಊರಿನಲ್ಲಾದರೆ ಇಷ್ಟಕ್ಕೆ ಒಂದು ಹಣ್ಣುಕಾಯಿ ಮಾಡಿಸಿ ಮಾತು ಮುಗಿಸುತ್ತಾರೆ. ಅಕ್ಕಣಿ ಹರಕೆಯ ಕಾಯಿ ತೆಗೆದಿಟ್ಟಳು. ಪದ್ದು ಮಾರನೆಯ ಬೆಳಿಗ್ಗೆ ಶೀಶೆ ತೊಳೆದುಕೊಂಡು ಕಿಟಕಿಗೆ ಹೋದಳು.

"ಎಂತದ್ದು?"

"ಒಡೇರೆ, ಇವತ್ತಿಂದ ಕಾಲ್, ಹೊಟ್ಟಿ ಬ್ಯಾಡ. ಹೆಸ್ರ್ ಕೇಣಿ, ಕೇಂಡ್ ಮದ್ದ್ ಕೊಡಿ."

ಶಾಮರಾಯರು ಈ ಸಲ ತಲೆಯೆತ್ತಿದರು. ಅವರಿಗೂ ಹಿಂದಿನ ದಿನದಿಂದ ಊಟ ಸೇರಿರಲಿಲ್ಲ. ಅದು ಸಿಟ್ಟಾಗಿ ಬಂತು. "ಓಹೋ! ನಾನು ಹೆಸರು ಕೇಳದೆ ಇದ್ದೆನಾ? ಈ ಕಿಟಕಿಗೆ ಬಂದ ಹೊಸತರಲ್ಲಿ ಹೆಸರೇ ಕೇಳುತ್ತಿದ್ದೆ. ಒಬ್ಬಳು ನೆಲ ನೋಡುತ್ತಾಳೆ. ಒಬ್ಬಳು ಸೆರಗು ಬಾಯಿಗಿಡುತ್ತಾಳೆ. ಇನ್ನೊಬ್ಬಳು ಸೊಂಟದ ಮೇಲಿನ ಮಗು ತೋರಿಸಿ ‘ಇದರ ಅಪ್ಪ’ ಅನ್ನುತ್ತಾಳೆ. ನಾನೆಂತ ಮಗುವಿಗೆ ಮದ್ದು ಕೊಡುವುದಾ? ಅದಕ್ಕೇ ಕಾಲು, ಹೊಟ್ಟೆ ಅಂತ ಮಾಡಿದ್ದು. ನಿನ್ನ ಹತ್ತಿರ ಕೇಳಿದೆ. ತಲೆ ಆಡಿಸಿದವಳು ಯಾರು?"

"ನಾನೇ," ಎಂದಳು ಪದ್ದು. "ಅದ್ ನನ್ ತಪ್ಪ್. ಇನ್ ತಲಿ ಆಡ್ಸುದಿಲ್ಲೆ."

"ಹಾಗಾದರೆ ಹೇಳು, ಕಾಂಬ. ಯಾರ ಮದ್ದು?"

ಸಾಲಿನಲ್ಲಿದ್ದ ಹೆಂಗಸರು ಕತ್ತು ಎತ್ತಿ ನೋಡಿದರು. ಪದ್ದು ಶೀಶೆಯನ್ನು ಕಿಟಕಿಯ ಒಳಗೆ ಇಟ್ಟಳು.

"ಕರಿಯ," ಎಂದಳು. ಸಾಕಾಗಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿದಳು. ಮೀನು ಕೂಗುವ ದನಿಯಲ್ಲೇ. "ಕರಿಯಂದ್ ಮದ್ದ್!"

ಹಿಂದೆ ಯಾರೋ "ಅಯ್ಯಯ್ಯೋ" ಎಂದರು. ಒಬ್ಬ ಮುದುಕಿ ಪಕ್ಕಕ್ಕೆ ತಿರುಗಿ ಥೂ ಎಂದು ಉಗಿದಳು. ಶಾಮರಾಯರು ಮಾತಾಡದೆ ಮದ್ದು ತುಂಬಿ ಶೀಶೆ ಚಾಚಿದರು. ಪದ್ದು ಕೈ ಚಾಚಲಿಲ್ಲ.

"ಈಗ ನೀವ್ ಹೇಳಿ."

"ನಾನೆಂತ ಹೇಳುದು?"

"ಯಾರಿಗೆ ಅಂದೇಳಿ ಹೇಳಿ ಕೊಡಿ. ನಾನ್ ಹೇಳದ್ ನಿಮ್ಮ್ ಕಿಮಿಗ್ ಬಿದ್ದಿತ್ ಅಂದೇಳಿ ನಂಗ್ ಗೊತ್ತಾಯ್ಕಲೆ."

"ಮೀನು ಮಾರುವವಳು ನನಗೆ ಕೆಲಸ ಕಲಿಸುವ ಕಾಲ ಬಂತಾ?" ಶಾಮರಾಯರು ಕಿಟಕಿಯ ಬಾಗಿಲಿಗೆ ಕೈ ಹಾಕಿದರು.

ಪದ್ದು ಮೊಣಕೈಯನ್ನು ಕಿಟಕಿಯ ಅಡ್ಡಪಟ್ಟಿಯ ಮೇಲಿಟ್ಟಳು. "ಹಾಕ್ರೆ ಹಾಕಿ ಒಡೇರೆ. ಕೈ ಇಲ್ಲೇ ಇತ್ತ್."

ಹಿಂದಿನವರಿಗೆ ಹೊತ್ತಾಗುತ್ತಿತ್ತು. ಮನೆಯಲ್ಲಿ ಒಲೆ, ಮಕ್ಕಳು, ಗದ್ದೆಯಲ್ಲಿ ಕೊಯ್ಲು. "ಹ್ವಾಯ್, ಒಂದ್ ಸಲ ಹೇಳಿಬಿಡಿ ಮಾರಾಯ್ರೆ!" ಎಂದಳು ಹೊಟ್ಟೆಯವಳು. "ನಿಮ್ ಗಂಡನ್ ಹೆಸ್ರಾ ಅದ್, ನಿಮ್ಗ್ ನಾಚ್ಕಿ ಆಪುಕೆ?" ಎಂದಳು ಕೆಮ್ಮಿನವಳು. ಸಾಲು ಗೊಳ್ಳೆಂದು ನಕ್ಕಿತು.

"ಕರಿಯ," ಎಂದರು ಶಾಮರಾಯರು, ಮುಖ ಕೆಂಪು ಮಾಡಿಕೊಂಡು. "ತಕೊ. ಕರಿಯನ ಮದ್ದು."

ಸುದ್ದಿ ಪದ್ದುವಿಗಿಂತ ಮೊದಲೇ ಬೀಜಾಡಿ ತಲುಪಿತ್ತು. ಸಂಜೆ ಅವಳು ಬುಟ್ಟಿ ಇಳಿಸುವಾಗ ಅಕ್ಕಣಿ ಬಾಗಿಲಲ್ಲೇ ನಿಂತಿದ್ದಳು.

"ನನ್ ಮಗನ್ ಹೆಸ್ರ್ ಊರೆಲ್ಲ ಕೇಣು ಹಾಂಗ್ ಕೂಗ್ದ್ಯಂಬ್ರ್. ಹೌದಾ?"

"ಹೌದ್ ಅತ್ತೆ."

"ಎಷ್ಟ್ ಸಲ?"

"ಇವತ್ ಎರಡ್ ಸಲ. ನಾಳೆ ಮತ್ತ್ ಕೂಗುಕಿತ್ತ್."

"ಗಂಡನ್ ಹೆಸ್ರ್ ತೆಗ್ದಷ್ಟೂ ಅವ್ನ್ ಆಯುಸ್ಸ್ ಸವಿತ್ ಅಂದೇಳಿ ನನ್ ಅತ್ತೆ ಹೇಳಿಕೊಟ್ಟದ್. ಅವ್ರಿಗ್ ಅವ್ರ್ ಅತ್ತೆ ಹೇಳಿಕೊಟ್ಟದ್."

"ಹೆಸ್ರ್ ತೆಗಿದೆ ಇದ್ದದ್ದಕ್ಕೇ ಅವ್ರ್ ಅರ್ಧ ದಾರಿ ಹೋಯ್ ಬಂದದ್. ನೀವೇ ಎದಿ ಮುಟ್ಟಿ ಕಂಡಿದ್ರಿ."

"ಎದ್ರ್ ಮಾತಾಡ್ತ್ಯಾ?"

"ಎದ್ರ್ ಮಾತಲ್ಲ ಅತ್ತೆ. ಆದದ್ದ್ ಹೇಳದ್."

ಜಗಲಿಯಲ್ಲಿ ಬಲೆ ಹೆಣೆಯುತ್ತಿದ್ದ ಗುಡ್ಡ ನೂಲು ಹಲ್ಲಲ್ಲಿ ಕಚ್ಚಿ ಹೇಳಿದ, "ಯಮಂಗ್ ಯಾರಾರೂ ಹೆಸ್ರ್ ಕೂಗಿ ಹೇಳ್ಕಾ? ಅವ್ನಿಗ್ ಎಲ್ಲ ಮುಂಚೆಯೇ ಗೊತ್ತಿರತ್ತ್."

"ನೀವ್ ಸುಮ್ನಿರಿ," ಎಂದಳು ಅಕ್ಕಣಿ. ಪದ್ದು ಒಳಗೆ ಬಂದು, ಆಸ್ಪತ್ರೆಗೆ ಒಯ್ಯಲೆಂದು ಗಂಜಿಯ ಮಡಕೆಗೆ ಕೈ ಹಾಕಿದಾಗ ಅವಳ ಕೈಯಿಂದ ಕರಟದ ಸಟ್ಟುಗವನ್ನು ಕಸಿದುಕೊಂಡಳು. "ಬೇಯ್ಸುದಿದ್ರೆ ಬೇಯ್ಸ್. ಗಂಡನ್ ಹೆಸ್ರ್ ತೆಗ್ದವ್ಳ್ ಅವ್ನಿಗ್ ಬಡ್ಸುವ ಹಾಂಗಿಲ್ಲೆ. ನಾನಿರುವಷ್ಟ್ ದಿನ ಈ ಮನಿಲ್ ಅದ್ ನಡಿಯುದಿಲ್ಲೆ."

ಪದ್ದು ಬರಿಗೈ ನೋಡಿಕೊಂಡಳು. ಅವಳು ಮದುವೆಯಾಗಿ ಬಂದ ದಿನದಿಂದ ಗಂಡನ ಬಟ್ಟಲಿಗೆ ಗಂಜಿ ಹಾಕಿದವಳು ಅವಳೇ. ಅದು ಹೆಂಡತಿಯ ಪಾಲು. ಯಾರೂ ಕೇಳುವುದಿಲ್ಲ, ಯಾರೂ ಕಸಿಯುವುದಿಲ್ಲ.

"ಸರಿ ಅತ್ತೆ," ಎಂದಳು. "ಬಡ್ಸುದ್ ನೀವ್. ಮದ್ದ್ ತರುದ್ ನಾನ್."

ಅಂದಿನಿಂದ ಆಸ್ಪತ್ರೆಗೆ ಗಂಜಿ ಒಯ್ಯುವುದು ಅಕ್ಕಣಿಯ ಕೆಲಸವಾಯಿತು. ಪದ್ದು ಬೆಳಿಗ್ಗೆ ನೀರು ಸೇದಿ, ಅಕ್ಕಿ ತೊಳೆದಿಟ್ಟು, ದಡದಲ್ಲಿ ಮೀನು ತುಂಬಿಸಿಕೊಂಡು, ದಾರಿಯಲ್ಲಿ ಕಿಟಕಿಗೆ ನಿಂತು, ಮದ್ದು ಮಂಚಕ್ಕೆ ಮುಟ್ಟಿಸಿ, ಆಮೇಲೆ ಸಾಸ್ತಾನದವರೆಗೆ ಬುಟ್ಟಿ ಹೊತ್ತು ನಡೆಯುತ್ತಿದ್ದಳು. ಅತ್ತೆ ಸೊಸೆಯರ ನಡುವೆ ಮಾತು ಉಪ್ಪು, ಸೌದೆ, ಅಕ್ಕಿ ಇಷ್ಟಕ್ಕೇ ಇಳಿಯಿತು.

ಕಿಟಕಿಯಲ್ಲಿ ಮಾತ್ರ ಮಾತು ಬೆಳೆಯಿತು. ಎರಡನೆಯವಳು ಸುಗುಣ. "ತಿಮ್ಮ!" ಎಂದು ಕೂಗಿ, "ಬೈಂದೂರ್ ತಿಮ್ಮ! ಉಬ್ಬಿದ್ ಕಾಲಿನ್ ತಿಮ್ಮ!" ಎಂದು ಸೇರಿಸಿ, "ಅಬ್ಬಬ್ಬ, ಹಲ್ಲಿನ್ ಸಂದಿಲ್ ಸಿಕ್ಕದ್ ಮುಳ್ಳ್ ತೆಗ್ದ ಹಾಂಗಾಯ್ತ್," ಎಂದು ನಕ್ಕಳು. ಒಬ್ಬಳು ಕಣ್ಣು ಮುಚ್ಚಿಕೊಂಡು ಹೇಳಿದಳು. ಒಬ್ಬಳು ಹೆಸರು ಹೇಳಿದ ಕೂಡಲೇ ಬಾಯಿಗೆ ತುಳಸಿ ಎಲೆ ಹಾಕಿಕೊಂಡಳು. ಹೇಳದವರು ಹಿಂದಕ್ಕೆ ಸರಿದು, ಸಾಲು ಕರಗಿದ ಮೇಲೆ ಬಂದು ಪಿಸುಗುಟ್ಟಿದರು. ಶಾಮರಾಯರು ದಿನಾ ಗೊಣಗುತ್ತ ಒಂದೊಂದೇ ಹೆಸರನ್ನು ತಿರುಗಿ ಹೇಳಿ ಶೀಶೆ ಕೊಟ್ಟರು. ಡಾಕ್ಟರು ಇದನ್ನು ನೋಡಿ, ಪ್ರತಿ ಮಂಚದ ತಲೆಯ ಕಡೆ ಒಂದು ಹಲಗೆ ಹೊಡೆಸಿ ಸುಣ್ಣದಲ್ಲಿ ಹೆಸರು ಬರೆಸಿದರು. ಓದಲು ಬಾರದವರಿಗೂ ಅದು ತಮ್ಮವರ ಹೆಸರು ಎಂದು ತಿಳಿಯಿತು.

ಒಂದು ಭಾನುವಾರ ಕೇರಿಯ ಹಿರಿಯ, ಗುರಿಕಾರ ಚಂದಯ್ಯ ಬಂದು ಜಗಲಿಯಲ್ಲಿ ಕೂತ. ಅಕ್ಕಣಿ ಬೆಲ್ಲ ನೀರು ತಂದಿಟ್ಟಳು.

"ಗುಡ್ಡಣ್ಣ, ನಿಮ್ ಸೊಸಿಯಿಂದ ಕೇರಿ ಮರ್ಯಾದಿ ಹೋತ್ ಇತ್ತ್. ಧನಿಗಳ ಧರ್ಮದ ಮದ್ದಿಗ್ ಹೀಂಗ್ ತಕ್ರಾರ್ ಮಾಡುದಾ? ಈಗ ನಮ್ ಮನಿಯವ್ಳೂ ಶುರು ಮಾಡ್ದಳ್."

"ನಿಮ್ ಮನಿಯವ್ರ್ ಎಂತ ಹೇಳ್ದ್ರ್?"

"ಚಂದಯ್ಯ ಅಂದಳಂಬ್ರ್! ಕಿಟ್ಕಿಯೊಳ್ಗ್! ನಾಲ್ಕ್ ಜನ ಕೇಣು ಹಾಂಗ್!"

ಗುಡ್ಡ ಸ್ವಲ್ಪ ಹೊತ್ತು ನೂಲು ಸುತ್ತಿದ. "ಮತ್ತೆ ನಿಮ್ ಹೊಟ್ಟಿನೋವ್ ಹ್ಯಾಂಗಿತ್ತ್?"

"ಅದ್... ಈಗ ಕಡ್ಮಿ ಇತ್ತ್," ಎಂದ ಚಂದಯ್ಯ. ಒಳಗೆ ಪಾತ್ರೆ ತೊಳೆಯುತ್ತಿದ್ದ ಪದ್ದುವಿಗೆ ನಗು ತಡೆಯಲಿಲ್ಲ. ಅದು ಕೇಳಿ ಚಂದಯ್ಯ ದನಿ ಏರಿಸಿದ. "ನಗಾಡುದ್ ಬ್ಯಾಡ! ದೈವದ ಎದ್ರ್ ತಪ್ಪುಕಾಣಿಕೆ ಹಾಕಿ, ಇನ್ ಹೇಳುದಿಲ್ಲೆ ಅಂದೇಳಿ ಕೈ ಮುಗಿಯಲಿ. ಅಲ್ಲಿಗ್ ಮುಗೀತ್."

ಪದ್ದು ಕೈ ಒರೆಸಿಕೊಂಡು ಬಾಗಿಲಿಗೆ ಬಂದಳು. "ಗುರಿಕಾರ್ರೆ, ಕಾಣ್ಕಿ ಹಾಕ್ತೆ. ಗೊತ್ತಿಲ್ದೆ ತಲಿ ಆಡ್ಸಿದ್ದೆ ಅಲ್ದಾ, ಅದಕ್ಕ್ ಹಾಕ್ತೆ. ದೈವದ ಎದ್ರ್ ಹಾಂಗೇ ಹೇಳ್ತೆ. ಹೆಸ್ರ್ ಹೇಳದ್ದಕ್ಕ್ ಒಂದ್ ಕಾಸೂ ಹಾಕುದಿಲ್ಲೆ."

"ಅಂದ್ರೆ?"

"ಅಂದ್ರೆ ನಾಳೆ ಬೆಳಿಗ್ಗೆ ಮತ್ತ್ ಹೇಳ್ತೆ."

ಚಂದಯ್ಯ ಅಕ್ಕಣಿಯ ಮುಖ ನೋಡಿದ. ಅಕ್ಕಣಿ ಕಂಬ ನೋಡಿದಳು. ಪದ್ದು ಹೇಳಿದ ಹಾಗೆಯೇ ಸಂಕ್ರಮಣದಂದು ದೈವದ ಮುಂದೆ ತಲೆ ಆಡಿಸಿದ ತಪ್ಪಿಗೆ ಕಾಣಿಕೆ ಹಾಕಿ, ಅಷ್ಟನ್ನೇ ಹೇಳಿ, ಮನೆಗೆ ಬಂದಳು. ದೈವ ಮುನಿದ ಕುರುಹು ಯಾರಿಗೂ ಕಾಣಲಿಲ್ಲ.

ಮಾರ್ಗಶಿರದಲ್ಲಿ ತಿಮ್ಮ ತನ್ನ ಕಾಲಲ್ಲೇ ನಡೆದು ಗಾಡಿ ಹತ್ತಿ ಬೈಂದೂರಿಗೆ ಹೋದ. ಕರಿಯನನ್ನೂ ಮನೆಗೆ ಕಳಿಸಿದರು. ಗಾಯ ಪೂರ್ತಿ ಮಾಗಿರಲಿಲ್ಲ; ಇನ್ನೂ ಕೆಲವು ವಾರ ಮದ್ದು ಬೇಕು, ಇಲ್ಲದಿದ್ದರೆ ಕಾಲು ತೆಗೆಯಬೇಕಾದೀತು ಎಂದರು ಡಾಕ್ಟರು. ಕಾಲಿಲ್ಲದವನಿಗೆ ಕಡಲಿನಲ್ಲಿ ಕೆಲಸವಿಲ್ಲ. ಅದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ಮಾತು.

ಕರಿಯ ಅಡುಗೆಮನೆಯ ಮೂಲೆಯಲ್ಲಿ ಕಾಲು ಚಾಚಿ ಕೂರುತ್ತಿದ್ದ. ಪದ್ದು ಮೀನು ಕೊಯ್ಯುತ್ತಿದ್ದರೆ ಕೀಟಲೆ ಮಾಡುವನು.

"ಊರಿಗೆಲ್ಲ ಹೇಳ್ದೆಯಲ್ಲ. ನನ್ ಎದ್ರ್ ಒಂದ್ ಸಲ ಹೇಳ್, ಕಾಂಬ."

"ಇಲ್ಲಿ ಎಂತಕ್? ಇಲ್ಲಿ ನಿಮ್ಮನ್ ಬಿಟ್ಟ್ ಮತ್ತ್ ಯಾರಿಗ್ ಕೊಡುಕಿತ್ತ್ ಮದ್ದ್?"

ಅವನು ನಕ್ಕ. ಆದರೆ ಊಟಕ್ಕೆ ಕರೆದಾಗ ಅಕ್ಕಣಿ ಬಂದು ಸಟ್ಟುಗ ಹಿಡಿದು ಕೂರುವಳು, ಪದ್ದು ಹಿತ್ತಲಿಗೆ ಹೋಗುವಳು. "ಅಬ್ಬಿ, ಸಾಕ್ ಮಾಡ್ ಇದನ್," ಎಂದ ಕರಿಯ ಒಂದು ದಿನ. "ಅವ್ಳ್ ಆ ಮದ್ದ್ ನಿಲ್ಸದೆ ಇದ್ದಿದ್ರೆ ನೀನ್ ಇವತ್ ಬಡ್ಸುಕೆ ನಾನೇ ಇರ್ತಿರ್ಲಿಲ್ಲೆ."

"ಉಣ್," ಎಂದಳು ಅಕ್ಕಣಿ. "ಉಂಬುವಾಗ ಮಾತ್ ಬ್ಯಾಡ."

ಪುಷ್ಯದ ಒಂದು ಬೆಳಿಗ್ಗೆ ದಡಕ್ಕೆ ಬಂಗುಡೆ ರಾಶಿ ಬಿತ್ತು. ತೆಕ್ಕಟ್ಟೆಯಲ್ಲಿ ಕೊಳ್ಳುವವರಿಗಿಂತ ಮೀನೇ ಹೆಚ್ಚು. ಬ್ರಹ್ಮಾವರಕ್ಕೆ ಹೋಗುವ ಗಾಡಿಯಲ್ಲಿ ಹೋದರೆ ಮಾತ್ರ ಮಾರಾಟ. ಪದ್ದು ಬುಟ್ಟಿ ಕಟ್ಟುತ್ತ ಶೀಶೆಯ ಕಡೆ ನೋಡಿದಳು.

"ಹೋಗ್, ಹೋಗ್," ಎಂದಳು ಅಕ್ಕಣಿ. "ಮದ್ದ್ ನಾನ್ ತತ್ತೆ. ನನ್ ಮಗನ್ ಹೆಸ್ರ್ ನಾನ್ ಹೇಳುಕಾಗ್ದಾ? ನಂಗ್ ಎಂತ ದೋಷವೂ ಇಲ್ಲೆ."

ಹಾಗೆ ಅವಳು ಶೀಶೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ನಡೆದಳು. ಕಿಟಕಿಯ ಸಾಲಿನಲ್ಲಿ ತಲೆಯೆತ್ತಿ ನಿಂತಳು. ತನ್ನ ಸರದಿ ಬಂದಾಗ ಯಾರೂ ಕೇಳುವ ಮೊದಲೇ, "ಕರಿಯ," ಎಂದಳು.

ಶಾಮರಾಯರು ಶೀಶೆಗೆ ಕೈ ಚಾಚಿದವರು ಚಾಚಿದ ಕೈಯನ್ನು ಹಿಂದೆಗೆದುಕೊಂಡರು. "ಯಾವ ಕರಿಯ?"

"ಬೀಜಾಡಿ ಕರಿಯ."

"ಮೊನ್ನೆಯಿಂದ ಇಬ್ಬರು ಬೀಜಾಡಿ ಕರಿಯಂದಿರು."

"ಕಾಲಿಂದ್."

"ಆ ಕರಿಯನಿಗೂ ಕಾಲಿನ ಮೇಲೆಯೇ ಕಜ್ಜಿ. ಅವನದು ಹಚ್ಚುವ ಮದ್ದು. ಕುಡಿದರೆ ಕರುಳು ಸುಡುತ್ತದೆ. ಅಪ್ಪನ ಹೆಸರು ಹೇಳು."

ಪಕ್ಕದಲ್ಲಿ ನಿಂತಿದ್ದ ಒಬ್ಬ ಗಂಡಸು, "ನಮ್ದ್ ಬಚ್ಚನ್ ಮಗ ಕರಿಯ," ಎಂದು ಮುಂದೆ ಬಂದ.

"ಕೇಳಿದೆಯಾ? ಅವನದು ಬಚ್ಚನ ಮಗ. ನಿಂದು?"

ಅಕ್ಕಣಿ ಶೀಶೆಯನ್ನು ಸೆರಗಿನಿಂದ ಇನ್ನೊಮ್ಮೆ ಒರೆಸಿದಳು. "ನನ್ ಮಗ ಒಡೇರೆ."

"ಇಲ್ಲಿ ಬರುವವರೆಲ್ಲ ಯಾರದೋ ಮಗನೇ."

ಅಕ್ಕಣಿ ಮೂಡಣ ದಿಕ್ಕಿಗೆ ಕೈ ಮಾಡಿದಳು. ದೂರದಲ್ಲಿ ಮಂಜಿನ ಮೇಲೆ ಮಲೆಯ ಸಾಲು ಕಾಣುತ್ತಿತ್ತು. "ಅಲ್ಲಿ ಕಾಣ್ತಲೆ, ಎತ್ತರ್ಕ್..."

"ಸನ್ನೆ ಬೇಡ," ಎಂದರು ಶಾಮರಾಯರು. ದನಿಯಲ್ಲಿ ಸಿಟ್ಟಿರಲಿಲ್ಲ. "ಊಹೆ ಮಾಡಿ ಕೊಡುವುದನ್ನು ನಾನು ಬಿಟ್ಟಿದ್ದೇನೆ. ನಿನ್ನ ಸೊಸೆ ಬಿಡಿಸಿದ್ದು."

ಹಿಂದೆ ನಿಂತಿದ್ದ ಹುಡುಗಿ ಪ್ರಾಯದವಳೊಬ್ಬಳು ಕನಿಕರದಿಂದ, "ಅಜ್ಜಿ, ನಾನ್ ಹೇಳ್ತೆ. ಅವ್ರ ಹೆಸ್ರ್ ನಂಗ್ ಗೊತ್ತಿತ್ತ್," ಎಂದಳು.

"ಮದ್ದು ಒಯ್ಯುವವರೇ ಹೇಳಬೇಕು," ಎಂದರು ಶಾಮರಾಯರು.

ಅಕ್ಕಣಿ ಹಿಂದೆ ನೋಡಿದಳು. ತಿರುಗಿ ಹೋದರೆ ಆಯಿತು. ಸೊಸೆ ನಾಳೆ ಬರುತ್ತಾಳೆ. ಒಂದು ದಿನ ಮದ್ದು ತಪ್ಪುತ್ತದೆ. ಅವಳು ಶೀಶೆಯನ್ನು ಕಿಟಕಿಯ ಅಡ್ಡಪಟ್ಟಿಯ ಮೇಲೆ ಟಕ್ಕೆಂದು ಇಟ್ಟಳು. ಒಂದು ಕಾಲದಲ್ಲಿ ಅವಳೂ ಈ ದಾರಿಯಲ್ಲಿ ಮೀನು ಕೂಗಿದವಳು.

"ಗುಡ್ಡ!" ಎಂದಳು. ಒಳಗೆ ಮಲಗಿದ್ದ ರೋಗಿಗಳೂ ತಲೆಯೆತ್ತಿದರು. "ಗುಡ್ಡ ಮರಕಾಲನ್ ಮಗ ಕರಿಯ! ಕೇಂಡ್ತಾ?"

"ಕೇಳಿತು," ಎಂದು ಶಾಮರಾಯರು ಮದ್ದು ತುಂಬಿ ಚಾಚಿದರು.

ಅಕ್ಕಣಿ ಕೈ ಸೆರಗಿನೊಳಗೇ ಇಟ್ಟುಕೊಂಡಳು. "ಬಾಯಿ ಮುಚ್ಚಿ ಕೊಡ್ತ್ರಾ? ನನ್ ಹತ್ರ ಹೇಳ್ಸಿ ಆಯ್ತಲ್ಲ, ಈಗ ನೀವ್ ಹೇಳಿ."

ಶಾಮರಾಯರು ಎದ್ದು ನಿಂತರು. "ಗುಡ್ಡ ಮರಕಾಲನ ಮಗ ಕರಿಯ. ಕುಡಿಯುವ ಮದ್ದು. ತಕೊಳ್ಳಮ್ಮ."

ಅವಳು ಮನೆಗೆ ಬಂದು ಮಗನಿಗೆ ಮದ್ದು ಕುಡಿಸಿದಳು, ಅಂಗಳ ಗುಡಿಸಿದಳು, ಗುಡಿಸಿದ ಅಂಗಳವನ್ನೇ ಇನ್ನೊಮ್ಮೆ ಗುಡಿಸಿದಳು. ತುಳಸಿಗೆ ದೀಪ ಇಡುವಾಗ ಎಂದಿಗಿಂತ ಹೆಚ್ಚು ಹೊತ್ತು ನಿಂತಳು. ಅಷ್ಟರಲ್ಲಿ ಬಚ್ಚನ ಮನೆಯವರು ಬಂದು ಗುಡ್ಡನ ಕಿವಿಯಲ್ಲಿ ಎಲ್ಲ ಹೇಳಿ ಹೋಗಿದ್ದರು.

ಪದ್ದು ಬ್ರಹ್ಮಾವರದಿಂದ ಬಂದು, ಕೈಕಾಲು ತೊಳೆದು, ಎಂದಿನ ಹಾಗೆ ಹಿತ್ತಲ ಬಾಗಿಲಿಗೆ ಹೊರಟಳು. ಅಪ್ಪ ಮಗ ಬಟ್ಟಲಿನ ಮುಂದೆ ಕೂತಿದ್ದರು. ಅಕ್ಕಣಿ ಮಡಕೆಯ ಹತ್ತಿರ ಕೂತಿದ್ದಳು. ಗಂಜಿಯ ಹಬೆ ಏಳುತ್ತಿತ್ತು. ಅವಳು ಬಡಿಸಲಿಲ್ಲ.

"ಎಂತ ಇವ್ಳೆ?" ಎಂದ ಗುಡ್ಡ. "ಇವತ್ ನನ್ ಆಯುಸ್ಸ್ ಎಷ್ಟ್ ತೆಗ್ದೆ?"

ಅಕ್ಕಣಿ ಒಲೆಯ ಸೌದೆಯನ್ನು ಒಳಗೆ ತಳ್ಳಿದಳು.

"ಹೆಸ್ರ್ ತೆಗ್ದವ್ಳ್ ಬಡ್ಸುವ ಹಾಂಗಿಲ್ಲೆ ಅಂದವ್ಳ್ ನೀನೇ ಅಲ್ದಾ? ಹಾಂಗಾರೆ ಇನ್ ಈ ಮನಿಲ್ ಗಂಡ್ಸ್ರಿಗೆಲ್ಲ ಉಪಾಸವಾ?"

ಕರಿಯ ಬಟ್ಟಲಿನೊಳಗೆ ನೋಡುತ್ತ ನಗು ತಡೆದುಕೊಂಡ. "ಎಂತ? ಎಂತಾಯ್ತ್?" ಎಂದು ಪದ್ದು ಬಾಗಿಲಲ್ಲೇ ನಿಂತು ಕೇಳಿದಳು. ಅಕ್ಕಣಿ ಸ್ವಲ್ಪ ಪಕ್ಕಕ್ಕೆ ಸರಿದು ಮಡಕೆಯ ಮುಂದೆ ಒಬ್ಬರಿಗೆ ಜಾಗ ಬಿಟ್ಟಳು.

"ಬಾ, ಕೂಕೊ," ಎಂದಳು.

ಪದ್ದು ಬಂದು ಕೂತಳು. ಅಕ್ಕಣಿ ಸಟ್ಟುಗವನ್ನು ಗಂಜಿಯಲ್ಲಿ ಒಮ್ಮೆ ತಿರುಗಿಸಿ, ಮಡಕೆಯ ಅಂಚಿಗೆ ತಾಗಿಸಿ ಹನಿ ಇಳಿಸಿ, ಹಿಡಿಯನ್ನು ಸೊಸೆಯ ಕಡೆಗೆ ಮಾಡಿ ಕೊಟ್ಟಳು.